ರೆವಿಟ್‌ನಲ್ಲಿ ತಿರುಗುತ್ತಾ ಏರುವ ಹಾದಿಗೆ ಸ್ವೀಪ್ ಮಾಡುವ ವಿಧಾನ

ಕಟ್ಟಡದ ಮೂರು ಆಯಾಮದ ಮಾದರಿ ಕಟ್ಟುವ ತಂತ್ರಾಂಶವಾದ ರೆವಿಟ್‌ನಲ್ಲಿ ಸ್ವೀಪ್ ಮಾಡಲು, ಅಂದರೆ ಒಂದು ಆಕೃತಿಯನ್ನು ಹಾದಿಯುದ್ದಕ್ಕೂ ಎಳೆದು ಘನ ರೂಪಿಸಲು, ಎರಡೇ ಸಾಮಗ್ರಿ ಸಾಕು: ಒಂದು ಹಾದಿ, ಅದರ ಉದ್ದಕ್ಕೂ ಸಾಗುವ ಒಂದು ಪ್ರೊಫೈಲ್ (ಅಡ್ಡಕೊಯ್ತದ ಆಕೃತಿ). ಹಾದಿಯು ನೆಲಕ್ಕೆ ಸಮಾನಾಂತರವಾಗಿರುವಾಗ ಅಥವಾ ಗೋಡೆಯ ಮುಖದಲ್ಲೇ ಉಳಿಯುವಾಗ ಯಾವ ತೊಡಕೂ ಇಲ್ಲ. ಪ್ಲಾನ್‌ನಲ್ಲಿ, ಅಂದರೆ ಮೇಲಿನಿಂದ ನೋಡಿದ ಚಿತ್ರದಲ್ಲಿ, ಬಾಗುತ್ತಾ ಅದೇ ಹೊತ್ತಿಗೆ ಎತ್ತರದಲ್ಲೂ ಏರುವ ಹಾದಿ ಬೇಕಾದಾಗ ಮಾತ್ರ ಕೆಲಸ ನಿಂತುಹೋಗುತ್ತದೆ, ಏಕೆಂದರೆ ಸ್ಕೆಚ್ ಪಾತ್ ಎಂಬ ಆಜ್ಞೆಯಲ್ಲಿ ನಾವು ಬರೆಯುವ ಪ್ರತಿಯೊಂದು ರೇಖೆಯೂ ಆಗ ಆಯ್ದುಕೊಂಡಿರುವ ವರ್ಕ್ ಪ್ಲೇನ್ ಎಂಬ ಒಂದೇ ಸಮತಲದಲ್ಲಿ ಬೀಳುತ್ತದೆ. ಸುತ್ತುಮೆಟ್ಟಿಲಿನ ಹ್ಯಾಂಡ್‌ರೇಲ್, ಬಾಗಿದ ರ‍್ಯಾಂಪ್‌ನ ಅಂಚುಗಟ್ಟೆ, ಮುಂದಕ್ಕೂ ಮೇಲಕ್ಕೂ ಬಾಗಿದ ಕ್ಯಾನೊಪಿಯ ಅಂಚಿನ ಪೈಪ್ ಇವೆಲ್ಲ ಈ ಬಗೆಯವು.

ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಒಂದೇ ಸಂಗತಿ. ಮೂರು ಆಯಾಮದ ವಕ್ರರೇಖೆಯನ್ನು ಕೈಯಿಂದ ಎಳೆಯುವ ಪ್ರಯತ್ನವನ್ನು ಬಿಡಬೇಕು. ಅಳತೆ ಗೊತ್ತಿರುವ ಎರಡು ಮೇಲ್ಮೈಗಳು ಸಂಧಿಸುವ ಅಂಚಾಗಿ, ಇಲ್ಲವೇ ಲೆಕ್ಕ ಹಾಕಿ ಇಟ್ಟ ಬಿಂದುಗಳನ್ನು ಹಾಯುವ ರೇಖೆಯಾಗಿ ಅದನ್ನು ಪಡೆಯಬೇಕು. ಪರದೆಯ ಮೇಲೆ ಕಣ್ಣಿಗೆ ಚೆನ್ನಾಗಿ ಕಂಡಿತೆಂದು ಎಳೆದ ರೇಖೆಗೆ ತ್ರಿಜ್ಯವೂ ಇರುವುದಿಲ್ಲ, ನಿಶ್ಚಿತವಾದ ಇಳಿಜಾರೂ ಇರುವುದಿಲ್ಲ. ಅಂಥ ರೇಖೆಯನ್ನು ಕಟ್ಟಡದ ಜಾಗದಲ್ಲಿ ಗುರುತು ಹಾಕುವವರಿಗೆ ಅಥವಾ ಪೈಪ್ ಬಗ್ಗಿಸುವ ಫ್ಯಾಬ್ರಿಕೇಟರ್‌ಗೆ ವಿವರಿಸಲು ಸಾಧ್ಯವಾಗುವುದಿಲ್ಲ.

ಸ್ವೀಪ್ ಬೇಕೇ ಎಂಬ ಪ್ರಶ್ನೆ

ಹ್ಯಾಂಡ್‌ರೇಲ್‌ನ ಕೆಳಗೆ ರೆವಿಟ್‌ನದೇ ಮೆಟ್ಟಿಲು ಅಥವಾ ರ‍್ಯಾಂಪ್ ಇದ್ದರೆ ಸ್ವೀಪ್‌ನ ಗೊಡವೆಗೇ ಹೋಗಬೇಕಾಗಿಲ್ಲ. ರೇಲಿಂಗ್ ಆಜ್ಞೆಯಲ್ಲಿ ಹಾದಿಯನ್ನು ಪ್ಲಾನ್‌ನಲ್ಲಿ ಬರೆದು, ಪಿಕ್ ನ್ಯೂ ಹೋಸ್ಟ್ ಮೂಲಕ ಆ ಮೆಟ್ಟಿಲನ್ನು ಆಧಾರವಾಗಿ ತೋರಿಸಿದರೆ, ಏರುವ ಕೆಲಸವನ್ನು ತಂತ್ರಾಂಶವೇ ನೋಡಿಕೊಳ್ಳುತ್ತದೆ. ಮುಂದೆ ಮೆಟ್ಟಿಲಿನ ಎತ್ತರ ಬದಲಾದರೆ ರೇಲಿಂಗ್ ಕೂಡ ಹಿಂಬಾಲಿಸುತ್ತದೆ, ರೇಲಿಂಗ್‌ನ ಪಟ್ಟಿಯಲ್ಲಿ ಅದರ ಉದ್ದವೂ ಸಿಗುತ್ತದೆ. ಆಧಾರವಿಲ್ಲದೆ ಗಾಳಿಯಲ್ಲಿ ಸಾಗುವ ಹಾದಿಗೆ, ರೇಲಿಂಗ್ ಒಪ್ಪದ ಆಕಾರಕ್ಕೆ, ಕಾಂಕ್ರೀಟ್ ಅಂಚುಗಟ್ಟೆ ಅಥವಾ ಉಕ್ಕಿನ ತೊಲೆಯಂಥ ಭಾಗಗಳಿಗೆ ಮಾತ್ರ ಮುಂದಿನ ವಿಧಾನಗಳನ್ನು ಬಳಸುವುದು ಉಚಿತ.

ಕಂಪ್ಯೂಟರ್ ಮುಟ್ಟುವ ಮೊದಲು

ಯಾವುದೇ ಏರುವ ವಕ್ರರೇಖೆಯನ್ನು ಎರಡು ಚಪ್ಪಟೆ ಚಿತ್ರಗಳಾಗಿ ಬಿಡಿಸಿಕೊಳ್ಳಬಹುದು. ಒಂದನೆಯದು ಪ್ಲಾನ್, ಅಲ್ಲಿ ಹಾದಿ ಹೇಗೆ ಬಾಗುತ್ತದೆ ಎಂಬುದು ಮಾತ್ರ ಕಾಣುತ್ತದೆ. ಎರಡನೆಯದು ಎತ್ತರದ ಚಿತ್ರ. ಇದನ್ನು ಎರಡು ಬಗೆಯಲ್ಲಿ ಬರೆಯಬಹುದು, ಮತ್ತು ಯಾವ ಬಗೆಯನ್ನು ಬರೆಯುತ್ತಿದ್ದೇವೆ ಎಂಬ ಸ್ಪಷ್ಟತೆ ಮೊದಲಿನಿಂದಲೂ ಇರಬೇಕು. ಮುಂಭಾಗದಿಂದ ನೇರವಾಗಿ ನೋಡಿದ ಎಲಿವೇಶನ್ ಒಂದು ಬಗೆ. ಪ್ಲಾನ್‌ನ ವಕ್ರದ ಮೇಲೆ ನೆಟ್ಟಗೆ ನಿಂತ ಗೋಡೆಯನ್ನು ಕಲ್ಪಿಸಿಕೊಂಡು, ಆ ಗೋಡೆಯನ್ನು ಬಿಡಿಸಿ ನೆಲದ ಮೇಲೆ ಚಪ್ಪಟೆಯಾಗಿ ಹಾಸಿದರೆ ಸಿಗುವ ಚಿತ್ರ ಇನ್ನೊಂದು ಬಗೆ. ಕ್ಯಾನೊಪಿಯಂತೆ ದೂರದಿಂದ ನೋಡುವ ಆಕಾರಗಳಿಗೆ ಮೊದಲನೆಯದು ಸಹಜ, ಏಕೆಂದರೆ ವಾಸ್ತುಶಿಲ್ಪಿ ಕಮಾನನ್ನು ಮುಂಭಾಗದಲ್ಲೇ ಕಲ್ಪಿಸಿಕೊಂಡಿರುತ್ತಾರೆ. ಜನ ನಡೆಯುವ ರ‍್ಯಾಂಪ್‌ಗೂ ಮೆಟ್ಟಿಲಿಗೂ ಎರಡನೆಯದೇ ಸರಿ, ಏಕೆಂದರೆ ನಡೆಯುವವನ ಕಾಲಿಗೆ ತಾಗುವ ಇಳಿಜಾರು ಬಿಡಿಸಿದ ಚಿತ್ರದಲ್ಲಿ ಮಾತ್ರ ನಿಜವಾಗಿ ಕಾಣುತ್ತದೆ. ಸಮನಾಗಿ ಏರುವ ಸುರುಳಿ, ಅಂದರೆ ಹೆಲಿಕ್ಸ್, ಅಲ್ಲಿ ಒಂದು ನೇರ ಓರೆಗೆರೆಯಾಗಿ ಬರುತ್ತದೆ.

ಅಂಚನ್ನು ಹಿಡಿಯುವ ವಿಧಾನ

ಕ್ಯಾನೊಪಿಯ ಅಂಚಿನಲ್ಲಿ ಸಾಗುವ 100 ಮಿ.ಮೀ. ವ್ಯಾಸದ ಪೈಪ್ ಒಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಎರಡು ಆಧಾರಗಳ ನಡುವಿನ ಅಂತರ 8000 ಮಿ.ಮೀ. ಪ್ಲಾನ್‌ನಲ್ಲಿ ಅದು 6000 ಮಿ.ಮೀ. ತ್ರಿಜ್ಯದ ಕಮಾನಾಗಿ ರಸ್ತೆಯ ಕಡೆಗೆ ಉಬ್ಬಿದೆ. ಲೆಕ್ಕ ಹಾಕಿದರೆ ಆ ಉಬ್ಬು ಸುಮಾರು 1528 ಮಿ.ಮೀ. ಆಗುತ್ತದೆ. ಎಲಿವೇಶನ್‌ನಲ್ಲಿ ಅದು ಆಧಾರಗಳ ಬಳಿ 3000 ಮಿ.ಮೀ. ಎತ್ತರದಲ್ಲಿ ಶುರುವಾಗಿ ನಡುವೆ 4000 ಮಿ.ಮೀ. ಮುಟ್ಟುತ್ತದೆ, ಅಂದರೆ 8500 ಮಿ.ಮೀ. ತ್ರಿಜ್ಯದ ಇನ್ನೊಂದು ಕಮಾನು.

ಮೊದಲು ಮಾರ್ಗದರ್ಶಿ ಘನವನ್ನು ಕಟ್ಟಬೇಕು. ಮಾಸಿಂಗ್ ಅಂಡ್ ಸೈಟ್ ಟ್ಯಾಬ್‌ನಲ್ಲಿ ಇನ್-ಪ್ಲೇಸ್ ಮಾಸ್ (ಆಕಾರ ಕಲ್ಪಿಸಲು ಬಳಸುವ ಘನ) ಆರಂಭಿಸಿ, ಪ್ಲಾನ್ ನೋಟದಲ್ಲಿ 6000 ಮತ್ತು 5900 ಮಿ.ಮೀ. ತ್ರಿಜ್ಯದ ಎರಡು ಕಮಾನುಗಳ ನಡುವಿನ ತೆಳುವಾದ ಪಟ್ಟಿಯನ್ನು ಮುಚ್ಚಿದ ಆಕೃತಿಯಾಗಿ ಬರೆದು, ಕ್ರಿಯೇಟ್ ಫಾರ್ಮ್ ಮೂಲಕ 4500 ಮಿ.ಮೀ. ಎತ್ತರಕ್ಕೆ ಎಬ್ಬಿಸಿ. ಈಗ ಬಾಗಿದ ಒಂದು ತೆಳುಗೋಡೆ ನಿಂತಿದೆ. ಬಳಿಕ ಮುಂಭಾಗದ ಎಲಿವೇಶನ್‌ಗೆ ಹೋಗಿ, ಆಧಾರಗಳನ್ನು ಸೇರಿಸುವ ರೇಖೆಗೆ ಸಮಾನಾಂತರವಾದ ರೆಫರೆನ್ಸ್ ಪ್ಲೇನ್ ಒಂದನ್ನು ವರ್ಕ್ ಪ್ಲೇನ್ ಆಗಿ ಆಯ್ದುಕೊಳ್ಳಿ. ಅದರ ಮೇಲೆ 8500 ಮಿ.ಮೀ. ತ್ರಿಜ್ಯದ ಕಮಾನನ್ನು ಕೆಳಗಿನ ಗಡಿಯಾಗಿಯೂ, 5000 ಮಿ.ಮೀ. ಎತ್ತರದ ನೇರ ಗೆರೆಯನ್ನು ಮೇಲಿನ ಗಡಿಯಾಗಿಯೂ ಇಟ್ಟು ಮುಚ್ಚಿದ ಆಕೃತಿ ಬರೆಯಿರಿ. ಪಕ್ಕದ ಗಡಿಗಳು ಆಧಾರಗಳಿಂದ ಸ್ವಲ್ಪ ಹೊರಗೆ ಇರಲಿ, ಕಮಾನೂ ಅಲ್ಲಿಯವರೆಗೆ ಮುಂದುವರಿಯಲಿ. ಗಡಿಗಳು ಸರಿಯಾಗಿ ಘನದ ತುದಿಗೇ ಬಂದು ನಿಂತರೆ ಕತ್ತರಿಸುವಾಗ ಕೂದಲೆಳೆಯಷ್ಟು ಚೂರು ಉಳಿದುಬಿಡುವ ಸಂಭವವಿದೆ. ಈ ಆಕೃತಿಯಿಂದ ವಾಯ್ಡ್ ಫಾರ್ಮ್ (ಇನ್ನೊಂದು ಘನವನ್ನು ಕತ್ತರಿಸುವ ಖಾಲಿ ಆಕಾರ) ಮಾಡಿ, 1528 ಮಿ.ಮೀ. ಉಬ್ಬನ್ನು ದಾಟುವಷ್ಟು ಆಳಕ್ಕೆ, ಅಂದರೆ ಮುಂದಕ್ಕೆ 2000 ಮತ್ತು ಹಿಂದಕ್ಕೆ 500 ಮಿ.ಮೀ. ಎಳೆಯಿರಿ. ತೆಳುಗೋಡೆಯ ತಲೆ ಕತ್ತರಿಸಿಹೋಗುತ್ತದೆ. ಕತ್ತರಿಸಿದ ಜಾಗದ ಹೊರ ಅಂಚೇ ನಮಗೆ ಬೇಕಾದ ಹಾದಿ: ಮೇಲಿನಿಂದ ನೋಡಿದರೆ 6000 ತ್ರಿಜ್ಯದ ಕಮಾನು, ಮುಂದಿನಿಂದ ನೋಡಿದರೆ 8500 ತ್ರಿಜ್ಯದ ಕಮಾನು. ಮಾಸ್ ಮುಗಿಸಿ ಹೊರಬನ್ನಿ.

ಎರಡನೆಯ ಹಂತದಲ್ಲಿ ಆರ್ಕಿಟೆಕ್ಚರ್ ಟ್ಯಾಬ್‌ನ ಕಾಂಪೊನೆಂಟ್ ಕೆಳಗಿರುವ ಮಾಡೆಲ್ ಇನ್-ಪ್ಲೇಸ್ ಆಯ್ದು, ವರ್ಗವನ್ನು ಸರಿಯಾಗಿ ಸೂಚಿಸಿ, ಸ್ವೀಪ್ ಆರಂಭಿಸಿ. ಇಲ್ಲಿ ಸ್ಕೆಚ್ ಪಾತ್ ಬಿಟ್ಟು ಪಿಕ್ ಪಾತ್ ಒತ್ತಿ, ಅದರಲ್ಲಿ ಪಿಕ್ 3ಡಿ ಎಡ್ಜಸ್ ಚಾಲ್ತಿಯಲ್ಲಿದೆಯೆಂದು ನೋಡಿಕೊಂಡು, ಮೂರು ಆಯಾಮದ ನೋಟದಲ್ಲಿ ಆ ಹೊರ ಅಂಚನ್ನು ಮುಟ್ಟಿ. ಹೊರ ಅಂಚೂ ಒಳ ಅಂಚೂ 100 ಮಿ.ಮೀ. ಅಂತರದಲ್ಲಿರುವುದರಿಂದ ಕರ್ಸರ್ ತಪ್ಪು ಅಂಚನ್ನು ಹಿಡಿಯಬಹುದು. ಟ್ಯಾಬ್ ಕೀಲಿಯನ್ನು ಒತ್ತುತ್ತಾ ಹೋದರೆ ಆಯ್ಕೆ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಪ್ರೊಫೈಲ್‌ನ ಸಮತಲವು ಮೊದಲು ಮುಟ್ಟಿದ ಅಂಚಿನ ಮೇಲೆ, ಆ ಅಂಚಿಗೆ ಲಂಬವಾಗಿ ಕೂರುತ್ತದೆ. ಆದುದರಿಂದ ಹಾದಿಯಲ್ಲಿ ಹಲವು ತುಂಡುಗಳಿದ್ದರೆ, ಪ್ರೊಫೈಲ್ ಬರೆಯಲು ಅನುಕೂಲವಾದ ನೇರ ಅಥವಾ ಕಡಿಮೆ ಬಾಗಿದ ತುಂಡನ್ನು ಮೊದಲು ಮುಟ್ಟುವುದು ಒಳ್ಳೆಯದು. ಹಾದಿಯನ್ನು ಮುಗಿಸಿ, ಸೆಲೆಕ್ಟ್ ಪ್ರೊಫೈಲ್‌ಗೆ ಹೋಗಿ, ಕೆಂಪು ಬಿಂದುವನ್ನೇ ಕೇಂದ್ರವಾಗಿಟ್ಟು 50 ಮಿ.ಮೀ. ತ್ರಿಜ್ಯದ ವೃತ್ತ ಬರೆದು ಮುಗಿಸಿದರೆ ಪೈಪ್ ಸಿದ್ಧ. ಮತ್ತೆ ಮತ್ತೆ ಬಳಸುವ ಆಕೃತಿಯಾದರೆ ಪ್ರೊಫೈಲ್ ಫ್ಯಾಮಿಲಿಯಾಗಿ (ಪ್ರತ್ಯೇಕ ಫೈಲಿನಲ್ಲಿ ಉಳಿಸಿ ಮರುಬಳಸುವ ಘಟಕವಾಗಿ) ಮಾಡಿಟ್ಟುಕೊಂಡು ಲೋಡ್ ಮಾಡುವುದು ಮೇಲು, ಏಕೆಂದರೆ ಆಗ ಕೋನ, ಅಡ್ಡ ಸರಿತ, ಉದ್ದ ಸರಿತ ಮತ್ತು ತಿರುವುಮುರುವು ಎಲ್ಲವನ್ನೂ ಪ್ರಾಪರ್ಟೀಸ್‌ನಲ್ಲೇ ತಿದ್ದಬಹುದು.

ಮಾರ್ಗದರ್ಶಿ ಘನವನ್ನು ಮಾಸ್ ಆಗಿ ಮಾಡಲು ಹೇಳಿದ್ದಕ್ಕೆ ಕಾರಣವಿದೆ. ಸ್ವೀಪ್ ಹಿಡಿದುಕೊಂಡಿರುವುದು ಆ ಘನದ ಅಂಚನ್ನು. ಕೆಲಸ ಮುಗಿಯಿತೆಂದು ಘನವನ್ನು ಅಳಿಸಿದರೆ ಮುಂದೆ ತಿದ್ದಲು ಆಧಾರವೇ ಉಳಿಯುವುದಿಲ್ಲ. ಮಾಸ್ ವರ್ಗವಾದರೋ ಸಾಮಾನ್ಯ ನೋಟಗಳಲ್ಲಿ ತಾನಾಗಿಯೇ ಮರೆಯಾಗಿರುತ್ತದೆ, ಬೇಕೆಂದಾಗ ಶೋ ಮಾಸ್ ಒತ್ತಿ ಕಾಣಿಸಿಕೊಳ್ಳಬಹುದು. ಲೋಡ್ ಮಾಡುವ ಫ್ಯಾಮಿಲಿಯೊಳಗೆ ಇದೇ ಕೆಲಸ ಮಾಡುವಾಗ ಮಾರ್ಗದರ್ಶಿಗೆ ಪ್ರತ್ಯೇಕ ಸಬ್‌ಕ್ಯಾಟಗರಿ ಕೊಟ್ಟು ಅದನ್ನು ಕಾಣದಂತೆ ಮರೆಮಾಡಿಡಬೇಕು. ಕಾಣದ ಘನವೊಂದು ಫೈಲಿನಲ್ಲಿ ಉಳಿಯುವುದನ್ನು ಕೆಲವರು ಅಚ್ಚುಕಟ್ಟಲ್ಲವೆಂದು ಭಾವಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಕಸವಲ್ಲ. ಆ ಪೈಪ್ ಯಾವ ಅಳತೆಯಿಂದ ಹುಟ್ಟಿತು ಎಂಬುದಕ್ಕೆ ಮುಂದೆ ಫೈಲ್ ತೆರೆಯುವವರಿಗೆ ಸಿಗುವ ಏಕೈಕ ಸಾಕ್ಷ್ಯ ಅದೇ.

ಓರೆಯಾಗಿ ಕತ್ತರಿಸಿದ ಸಿಲಿಂಡರ್‌ನ ಮೋಸ

ಮೇಲಿನ ವಿಧಾನ ಕೈಗೆ ಹತ್ತಿದ ಕೂಡಲೇ ಅದನ್ನು ರ‍್ಯಾಂಪ್‌ಗೂ ಬಳಸುವ ಆಸೆ ಹುಟ್ಟುತ್ತದೆ: ಅರ್ಧವೃತ್ತದ ತೆಳುಗೋಡೆ ನಿಲ್ಲಿಸಿ, ಎಲಿವೇಶನ್‌ನಲ್ಲಿ ಒಂದು ನೇರ ಓರೆಗೆರೆ ಎಳೆದು, ಅದರ ಮೇಲಿನದನ್ನೆಲ್ಲ ಕತ್ತರಿಸಿದರೆ ಏರುವ ಅಂಚು ಬಂತಲ್ಲ ಎಂದು. ಅಂಚು ಬರುತ್ತದೆ, ಆದರೆ ಅದು ಹೆಲಿಕ್ಸ್ ಅಲ್ಲ. ಸಿಲಿಂಡರನ್ನು ಸಮತಲವೊಂದು ಓರೆಯಾಗಿ ಕತ್ತರಿಸಿದರೆ ಸಿಗುವುದು ದೀರ್ಘವೃತ್ತದ ತುಂಡು, ಮತ್ತು ಅದರ ಇಳಿಜಾರು ಎಲ್ಲೆಡೆ ಒಂದೇ ಇರುವುದಿಲ್ಲ.

ಲೆಕ್ಕ ಹಾಕಿ ನೋಡಿದರೆ ಇದರ ಗಂಭೀರತೆ ತಿಳಿಯುತ್ತದೆ. 3000 ಮಿ.ಮೀ. ತ್ರಿಜ್ಯದ ಅರ್ಧವೃತ್ತದ ಉದ್ದ 9425 ಮಿ.ಮೀ. ಗಾಲಿಕುರ್ಚಿಗೆ ಒಗ್ಗುವ 1:12 ಇಳಿಜಾರಿನಲ್ಲಿ ಈ ಉದ್ದಕ್ಕೆ ಏರಬಹುದಾದ ಎತ್ತರ ಸುಮಾರು 785 ಮಿ.ಮೀ. ಈ ಏರಿಕೆಯನ್ನು ಓರೆ ಸಮತಲದಿಂದ ಕತ್ತರಿಸಿ ಪಡೆದರೆ, ಆರಂಭದಲ್ಲೂ ಕೊನೆಯಲ್ಲೂ ಇಳಿಜಾರು ಸೊನ್ನೆಯಾಗಿರುತ್ತದೆ. ನಟ್ಟನಡುವೆ ಅದು 785ಕ್ಕೆ 6000, ಅಂದರೆ ಸುಮಾರು 1:7.6 ಆಗುತ್ತದೆ. ಕಾಲುಭಾಗ ದಾರಿ ಸಾಗಿದಾಗ ಇರಬೇಕಾದ ಎತ್ತರ 196 ಮಿ.ಮೀ., ಈ ಅಂಚಿನಲ್ಲಿ ಇರುವುದು 115 ಮಿ.ಮೀ. ಮಾತ್ರ. ಆರಂಭದ ಮತ್ತು ಕೊನೆಯ ಎತ್ತರ ಎರಡೂ ಸರಿಯಾಗಿರುವುದರಿಂದ ಡ್ರಾಯಿಂಗ್ ಪರಿಶೀಲಿಸುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ. ಗಾಲಿಕುರ್ಚಿಯನ್ನು ತಾನೇ ತಳ್ಳಿಕೊಂಡು ಬರುವ ವ್ಯಕ್ತಿಗೆ ಮಾತ್ರ ನಡುದಾರಿಯಲ್ಲಿ ಅದು ತಿಳಿಯುತ್ತದೆ. ಆದ್ದರಿಂದ ಜನ ಸಾಗುವ ಹಾದಿಗೆ ಓರೆ ಕತ್ತರಿಕೆಯನ್ನು ಎಂದೂ ಬಳಸಬಾರದು. ಅಂಥಲ್ಲಿ ಬಿಂದುಗಳ ಲೆಕ್ಕವೇ ಬೇಕು.

ಲೆಕ್ಕ ಹಾಕಿದ ಬಿಂದುಗಳಿಂದ ಹೆಲಿಕ್ಸ್

ಒಂದು ಅಂತಸ್ತನ್ನು ಏರುವ ಸುತ್ತುಮೆಟ್ಟಿಲಿನ ಒಳಬದಿಯ ಹ್ಯಾಂಡ್‌ರೇಲ್ ಈ ಭಾಗದ ಉದಾಹರಣೆ. ತ್ರಿಜ್ಯ 1500 ಮಿ.ಮೀ., ಸುತ್ತು 270 ಡಿಗ್ರಿ, ಏರಿಕೆ 3600 ಮಿ.ಮೀ., ರೇಲ್ ಶುರುವಾಗುವ ಎತ್ತರ ನೆಲದಿಂದ 900 ಮಿ.ಮೀ. ಎಂದಿರಲಿ. ಸುತ್ತನ್ನು 15 ಡಿಗ್ರಿಯ 18 ಭಾಗಗಳಾಗಿ ವಿಂಗಡಿಸಿದರೆ 19 ಬಿಂದುಗಳು ಸಿಗುತ್ತವೆ ಮತ್ತು ಒಂದೊಂದು ಬಿಂದುವೂ ಹಿಂದಿನದಕ್ಕಿಂತ 200 ಮಿ.ಮೀ. ಮೇಲಿರುತ್ತದೆ. ಪ್ರತಿ ಬಿಂದುವಿನ ಅಡ್ಡ ದೂರವು ತ್ರಿಜ್ಯ × ಕೋನದ ಕೊಸೈನ್, ಉದ್ದ ದೂರವು ತ್ರಿಜ್ಯ × ಕೋನದ ಸೈನ್, ಎತ್ತರವು 900 + 3600 × ಕೋನ ÷ 270. ಉದಾಹರಣೆಗೆ 45 ಡಿಗ್ರಿಯ ಬಿಂದು ಕೇಂದ್ರದಿಂದ ಎರಡೂ ದಿಕ್ಕಿಗೆ 1060.7 ಮಿ.ಮೀ. ದೂರದಲ್ಲಿ, 1500 ಮಿ.ಮೀ. ಎತ್ತರದಲ್ಲಿ ಬರಬೇಕು. ಇಂಥ ಒಂದೆರಡು ಬಿಂದುಗಳನ್ನು ಕೈಯಿಂದ ಲೆಕ್ಕ ಹಾಕಿ ಬರೆದಿಟ್ಟುಕೊಂಡರೆ ಕೊನೆಯಲ್ಲಿ ಮಾದರಿಯನ್ನು ಪರೀಕ್ಷಿಸಲು ಅನುಕೂಲ.

ಈ ಬಿಂದುಗಳನ್ನು ಇಡಲು ಕಾನ್ಸೆಪ್ಚುವಲ್ ಮಾಸ್ ಅಥವಾ ಅಡಾಪ್ಟಿವ್ ಜೆನೆರಿಕ್ ಮಾಡೆಲ್ ಫ್ಯಾಮಿಲಿಯ ಪರಿಸರ ಬೇಕು. ಸಾಮಾನ್ಯ ಫ್ಯಾಮಿಲಿ ಎಡಿಟರ್‌ನಲ್ಲಿ ರೆಫರೆನ್ಸ್ ಪಾಯಿಂಟ್ ಎಂಬ ವಸ್ತುವೇ ಇಲ್ಲ. ಕೈಯಿಂದ ಮಾಡುವುದಾದರೆ ಪ್ಲಾನ್‌ನಲ್ಲಿ ವೃತ್ತವನ್ನೂ 15 ಡಿಗ್ರಿಗೊಂದರಂತೆ ತ್ರಿಜ್ಯರೇಖೆಗಳನ್ನೂ ಬರೆದು, ಅವು ಕೂಡುವ ಜಾಗದಲ್ಲಿ ಬಿಂದುಗಳನ್ನು ಲೆವೆಲ್‌ನ ಸಮತಲದ ಮೇಲೆ ಇಟ್ಟು, ಪ್ರತಿಯೊಂದರ ಆಫ್‌ಸೆಟ್ ಬೆಲೆಯನ್ನು ಪ್ರಾಪರ್ಟೀಸ್‌ನಲ್ಲಿ ತುಂಬಬೇಕು. ಬಿಂದುವು ಲೆವೆಲ್‌ಗೆ ಅಂಟಿರಬೇಕೇ ಹೊರತು ವೃತ್ತದ ರೇಖೆಗೆ ಅಂಟಿರಬಾರದು. ರೇಖೆಗೆ ಅಂಟಿದ ಬಿಂದು ರೇಖೆಯ ಮೇಲೆಯೇ ಜಾರುತ್ತದೆ, ಮೇಲೆ ಏಳುವುದಿಲ್ಲ. ಆಫ್‌ಸೆಟ್‌ಗೆ ಅಂಕಿಯ ಬದಲು ಪ್ಯಾರಾಮೀಟರ್ ಕೊಟ್ಟು, ಅದಕ್ಕೆ ಆರಂಭದ ಎತ್ತರ + ಒಟ್ಟು ಏರಿಕೆ × 7 ÷ 18 ಎಂಬಂತೆ ಸೂತ್ರ ಬರೆದರೆ, ಮುಂದೆ ಅಂತಸ್ತಿನ ಎತ್ತರ ಬದಲಾದಾಗ ಒಂದೇ ಅಂಕಿ ತಿದ್ದಿದರೆ ಸಾಕಾಗುತ್ತದೆ. ಬಿಂದುಗಳೆಲ್ಲ ಸಿದ್ಧವಾದ ಮೇಲೆ ಅವನ್ನು ಒಟ್ಟಿಗೆ ಆಯ್ದು ಸ್ಪ್ಲೈನ್ ತ್ರೂ ಪಾಯಿಂಟ್ಸ್ ಒತ್ತಿದರೆ ಅವೆಲ್ಲವನ್ನೂ ಹಾಯುವ ನಯವಾದ ವಕ್ರರೇಖೆ (ಸ್ಪ್ಲೈನ್) ಸಿಗುತ್ತದೆ.

ರೆವಿಟ್‌ನೊಂದಿಗೆ ಬರುವ, ನೋಡ್ ಎಂಬ ಚೌಕಗಳನ್ನು ಜೋಡಿಸಿ ಪ್ರೋಗ್ರಾಂ ಬರೆಯುವ ಡೈನಮೊ ಬಲ್ಲವರಿಗೆ ಇದು ಕೆಲವೇ ನೋಡ್‌ಗಳ ಕೆಲಸ. ಕೋಡ್ ಬ್ಲಾಕ್‌ನಲ್ಲಿ 0..270..15 ಎಂದು ಬರೆದರೆ ಕೋನಗಳ ಪಟ್ಟಿ ಸಿಗುತ್ತದೆ. ಡೈನಮೊದ ಸೈನ್, ಕೊಸೈನ್ ನೋಡ್‌ಗಳು ಕೋನವನ್ನು ಡಿಗ್ರಿಯಲ್ಲೇ ತೆಗೆದುಕೊಳ್ಳುವುದರಿಂದ ರೇಡಿಯನ್‌ಗೆ ಬದಲಿಸುವ ಅಗತ್ಯವಿಲ್ಲ. ಮೂರು ಪಟ್ಟಿಗಳನ್ನು ಪಾಯಿಂಟ್.ಬೈಕೊಆರ್ಡಿನೇಟ್ಸ್‌ಗೆ ಕೊಟ್ಟು, ಅಲ್ಲಿಂದ ರೆಫರೆನ್ಸ್‌ಪಾಯಿಂಟ್.ಬೈಪಾಯಿಂಟ್‌ಗೆ, ಅಲ್ಲಿಂದ ಕರ್ವ್‌ಬೈಪಾಯಿಂಟ್ಸ್.ಬೈರೆಫರೆನ್ಸ್‌ಪಾಯಿಂಟ್ಸ್‌ಗೆ ಜೋಡಿಸಿದರೆ ರೇಖೆ ರೆವಿಟ್‌ನಲ್ಲೇ ಮೂಡುತ್ತದೆ. ಹೆಲಿಕ್ಸ್.ಬೈಆಕ್ಸಿಸ್ ಎಂಬ ಸಿದ್ಧ ನೋಡ್ ಕೂಡ ಇದೆ. ಅದನ್ನು ಬಳಸುವಾಗ ಪಿಚ್ ಎಂದರೆ ಪೂರ್ತಿ ಒಂದು ಸುತ್ತಿನ ಏರಿಕೆ ಎಂಬುದನ್ನು ನೆನಪಿಡಬೇಕು. ನಮ್ಮ ಉದಾಹರಣೆಯಲ್ಲಿ 270 ಡಿಗ್ರಿಗೆ 3600 ಏರಿದರೆ ಪಿಚ್ 4800. ಅಲ್ಲಿ 3600 ಬರೆದರೆ ರೇಲ್ ತಾನು ಮುಟ್ಟಬೇಕಾದ ಎತ್ತರಕ್ಕಿಂತ 900 ಮಿ.ಮೀ. ಕೆಳಗೇ ನಿಂತುಬಿಡುತ್ತದೆ.

ಲೆಕ್ಕದ ದಾರಿಯ ದೊಡ್ಡ ಲಾಭವೆಂದರೆ ತ್ರಿಜ್ಯವೂ ಸ್ಥಿರವಾಗಿರಬೇಕಾಗಿಲ್ಲ. ಫ್ರಾಂಕ್ ಲಾಯ್ಡ್ ರೈಟ್ ವಿನ್ಯಾಸಗೊಳಿಸಿದ, 1959ರಲ್ಲಿ ತೆರೆದ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂನ ರ‍್ಯಾಂಪ್ ಮೇಲೆ ಹೋದಂತೆ ಹೊರಕ್ಕೆ ಅಗಲವಾಗುತ್ತದೆ. ಅಂಥ ಹಾದಿಗೆ ತ್ರಿಜ್ಯದ ಜಾಗದಲ್ಲಿ ಆರಂಭದ ತ್ರಿಜ್ಯ + ಪ್ರತಿ ಡಿಗ್ರಿಯ ಹೆಚ್ಚಳ × ಕೋನ ಎಂದು ಬರೆದರೆ ಸಾಕು, ಉಳಿದ ಸೂತ್ರಗಳು ಹಾಗೆಯೇ ಇರುತ್ತವೆ.

ಬಿಂದುಗಳು ಎಷ್ಟು ದಟ್ಟವಾಗಿರಬೇಕು ಎಂಬುದು ಅವನ್ನು ಸೇರಿಸುವ ರೇಖೆಯನ್ನು ಅವಲಂಬಿಸಿದೆ. ಸ್ಪ್ಲೈನ್ ಆದರೆ 15 ಡಿಗ್ರಿ ಸಾಮಾನ್ಯವಾಗಿ ಸಾಕು. ನೇರ ತುಂಡುಗಳಿಂದ ಸೇರಿಸಿದರೆ, 1500 ತ್ರಿಜ್ಯಕ್ಕೆ 15 ಡಿಗ್ರಿಯ ತುಂಡು ನಿಜವಾದ ವೃತ್ತದಿಂದ ನಡುವೆ ಸುಮಾರು 12.8 ಮಿ.ಮೀ. ಒಳಗೆ ಸರಿಯುತ್ತದೆ, 5 ಡಿಗ್ರಿಗೆ ಇಳಿಸಿದರೆ ಆ ವ್ಯತ್ಯಾಸ 1.4 ಮಿ.ಮೀ. ಮಾತ್ರ. ಸ್ಪ್ಲೈನ್‌ನಲ್ಲೂ ತುದಿಗಳ ಬಳಿ ಎಚ್ಚರ ಬೇಕು, ಏಕೆಂದರೆ ಕೊನೆಯ ಬಿಂದುವಿನ ಆಚೆ ರೇಖೆಗೆ ದಿಕ್ಕು ತೋರಿಸುವ ಇನ್ನೊಂದು ಬಿಂದು ಇರುವುದಿಲ್ಲ. ಅಲ್ಲಿ ಬಿಂದುಗಳನ್ನು ಹತ್ತಿರ ಹತ್ತಿರ ಇಡಬೇಕು.

ತುದಿಯಲ್ಲಿ ಇನ್ನೊಂದು ಸಮಸ್ಯೆಯೂ ಇದೆ. ನಮ್ಮ ಹೆಲಿಕ್ಸ್‌ನ ಇಳಿಜಾರು ಸುಮಾರು 27 ಡಿಗ್ರಿ: ಪ್ಲಾನ್‌ನಲ್ಲಿ ಉದ್ದ 7069 ಮಿ.ಮೀ., ಏರಿಕೆ 3600. ಮೆಟ್ಟಿಲು ಮುಗಿದು ರೇಲ್ ಸಮತಟ್ಟಾಗುವ ಜಾಗದಲ್ಲಿ ಈ 27 ಡಿಗ್ರಿ ಒಮ್ಮೆಗೇ ಮುರಿಯುತ್ತದೆ. ಕೈ ಜಾರಿಸಿಕೊಂಡು ಹೋಗುವವರಿಗೆ ಆ ಮುರಿತ ತಾಗುತ್ತದೆ. ಸ್ವೀಪ್ ಕೂಡ ಅಲ್ಲಿ ಮೊಣಕೈ ಜೋಡಣೆಯಂಥ ಓರೆ ಕೀಲನ್ನು ಮಾಡುತ್ತದೆ ಅಥವಾ ಕೆಲಸ ನಿಲ್ಲಿಸುತ್ತದೆ. ಬಿಡಿಸಿದ ಎತ್ತರದ ಚಿತ್ರ ಪ್ರಯೋಜನಕ್ಕೆ ಬರುವುದು ಇಲ್ಲೇ. ಓರೆಗೆರೆಗೂ ಸಮತಟ್ಟು ಗೆರೆಗೂ ನಡುವೆ 600 ಮಿ.ಮೀ. ತ್ರಿಜ್ಯದ ಕಮಾನನ್ನು ಎರಡಕ್ಕೂ ಸ್ಪರ್ಶಕವಾಗಿ ಕೂರಿಸಿದರೆ, ಅದು ಎರಡೂ ಕಡೆಗೆ 144 ಮಿ.ಮೀ. ವ್ಯಾಪಿಸುತ್ತದೆ. ಪ್ಲಾನ್‌ನಲ್ಲಿ ಹೆಲಿಕ್ಸ್‌ನ ಕೊನೆಯ ಸುಮಾರು 5 ಡಿಗ್ರಿ ಮಾತ್ರ ಇದರಿಂದ ಬದಲಾಗುತ್ತದೆ. ಹದಿನೈದು ಡಿಗ್ರಿಗೊಂದು ಬಿಂದು ಇಟ್ಟರೆ ಈ ತಿರುವು ಬಿಂದುಗಳ ನಡುವೆಯೇ ಕಳೆದುಹೋಗುತ್ತದೆ. ಆದ್ದರಿಂದ ತುದಿಯ 5 ಡಿಗ್ರಿಯಲ್ಲಿ ಒಂದೊಂದು ಡಿಗ್ರಿಗೆ ಒಂದರಂತೆ ಬಿಂದುವಿಟ್ಟು, ಅವುಗಳ ಎತ್ತರವನ್ನು ಬಿಡಿಸಿದ ಚಿತ್ರದಿಂದ ಅಳೆದು ತುಂಬಬೇಕು.

ರೇಖೆ ಸಿಕ್ಕ ಮೇಲೆ ಅದರ ಮೇಲೆಯೇ ಒಂದು ಹೊಸ ಬಿಂದುವನ್ನು ಇಡಿ. ರೇಖೆಗೆ ಅಂಟಿದ ಈ ಬಿಂದು ಗಾತ್ರದಲ್ಲಿ ಚಿಕ್ಕದಾಗಿ ಕಾಣುತ್ತದೆ ಮತ್ತು ಅದರ ವರ್ಕ್ ಪ್ಲೇನ್ ರೇಖೆಗೆ ಲಂಬವಾಗಿರುತ್ತದೆ. ಆ ಸಮತಲವನ್ನು ಆಯ್ದು 25 ಮಿ.ಮೀ. ತ್ರಿಜ್ಯದ ವೃತ್ತ ಬರೆದು, ವೃತ್ತವನ್ನೂ ರೇಖೆಯನ್ನೂ ಒಟ್ಟಿಗೆ ಆಯ್ದು ಕ್ರಿಯೇಟ್ ಫಾರ್ಮ್ ಒತ್ತಿದರೆ ಹ್ಯಾಂಡ್‌ರೇಲ್ ರೂಪುಗೊಳ್ಳುತ್ತದೆ. ಪ್ರೊಫೈಲ್ ಮುಚ್ಚಿದ ಆಕೃತಿಯಾಗಿದ್ದರೆ ಹಾದಿಯಲ್ಲಿ ಹಲವು ತುಂಡುಗಳಿದ್ದರೂ ನಡೆಯುತ್ತದೆ. ತೆರೆದ ಪ್ರೊಫೈಲ್ ಆದರೆ ಹಾದಿ ಒಂದೇ ತುಂಡಾಗಿರಬೇಕು.

ಚೌಕದ ಪ್ರೊಫೈಲ್ ತಿರುಚಿಕೊಂಡಾಗ

ವೃತ್ತಾಕಾರದ ಪೈಪ್‌ಗೆ ಪ್ರೊಫೈಲ್ ತನ್ನ ಸುತ್ತಲೇ ತಿರುಗಿದರೂ ವ್ಯತ್ಯಾಸ ಕಾಣುವುದಿಲ್ಲ. ಚೌಕ ಅಥವಾ ಆಯತದ ಪ್ರೊಫೈಲ್ ಹಾಕಿದೊಡನೆ ಸಮಸ್ಯೆ ಬೆಳಕಿಗೆ ಬರುತ್ತದೆ: ಆರಂಭದಲ್ಲಿ ಮಟ್ಟವಾಗಿದ್ದ ಮೇಲ್ಮುಖ ಕೊನೆಯಲ್ಲಿ ಒಂದು ಬದಿಗೆ ವಾಲಿರುತ್ತದೆ. ಮೂರು ಆಯಾಮದ ಹಾದಿಯಲ್ಲಿ ಪ್ರೊಫೈಲ್ ಹಾದಿಗೆ ಲಂಬವಾಗಿರಬೇಕೆಂಬ ನಿಯಮವೊಂದರಿಂದಲೇ ಅದರ ನಿಲುವು ನಿರ್ಧಾರವಾಗುವುದಿಲ್ಲ. ಲಂಬವಾಗಿದ್ದುಕೊಂಡೇ ಅದು ಎಷ್ಟು ಬೇಕಾದರೂ ತಿರುಗಬಹುದು. ಆ ತಿರುಗುವಿಕೆಯನ್ನು ಯಾವ ನಿಯಮದಿಂದ ತೀರ್ಮಾನಿಸುವುದು ಎಂಬುದರಲ್ಲಿ ಒಂದೊಂದು ತಂತ್ರಾಂಶ ಒಂದೊಂದು ದಾರಿ ಹಿಡಿದಿದೆ. ಮೂರು ಆಯಾಮದ ಮಾದರಿ ಮಾಡುವ ಇನ್ನೊಂದು ತಂತ್ರಾಂಶವಾದ ರೈನೊದ ಸ್ವೀಪ್ 1ರಲ್ಲಿ ರೋಡ್‌ಲೈಕ್ ಟಾಪ್ ಎಂಬ ಆಯ್ಕೆ ಇದೆ. ಅದು ಪ್ರೊಫೈಲ್‌ನ ತಲೆಯನ್ನು ಸದಾ ಆಕಾಶದ ಕಡೆಗೇ ಇಡುತ್ತದೆ. ಆಟೋಕ್ಯಾಡ್‌ನ ಸ್ವೀಪ್‌ನಲ್ಲಿ ಟ್ವಿಸ್ಟ್ ಆಯ್ಕೆಯೊಳಗೆ ಬ್ಯಾಂಕ್ ಇದೆ. ಉಚಿತವಾಗಿ ಸಿಗುವ ಫ್ರೀಕ್ಯಾಡ್‌ನ ಅಡಿಟಿವ್ ಪೈಪ್‌ನಲ್ಲಿ ಬೈನಾರ್ಮಲ್ ಎಂಬ ವಿಧವನ್ನು ಆಯ್ದು ಮೇಲ್ಮುಖದ ದಿಕ್ಕನ್ನು ನಾವೇ ಕೊಡಬಹುದು. ಹಣ ತೆತ್ತು ತಂತ್ರಾಂಶ ಕೊಳ್ಳಲಾಗದ ವಿದ್ಯಾರ್ಥಿಗಳು ಈ ವಿಷಯವನ್ನು ಅಲ್ಲಿಯೇ ಚೆನ್ನಾಗಿ ಕಲಿಯಬಹುದು.

ರೆವಿಟ್‌ನೊಳಗೆ ನಾನು ಒಳ್ಳೆಯದೆಂದು ಕಂಡುಕೊಂಡಿರುವ ದಾರಿ ಮತ್ತೆ ಮೇಲ್ಮೈಗೇ ಮರಳುವುದು. ಅದೇ ಮಾಸ್‌ನಲ್ಲಿ ಒಳಗೆ 1500 ಮತ್ತು ಹೊರಗೆ 2700 ಮಿ.ಮೀ. ತ್ರಿಜ್ಯದ ಎರಡು ಹೆಲಿಕ್ಸ್‌ಗಳನ್ನು ಒಂದೇ ಕೋನಗಳಲ್ಲಿ, ಒಂದೇ ಎತ್ತರಗಳಲ್ಲಿ ಬಿಂದುಗಳನ್ನಿಟ್ಟು ಬರೆಯಿರಿ. ಎರಡನ್ನೂ ಆಯ್ದು ಕ್ರಿಯೇಟ್ ಫಾರ್ಮ್ ಒತ್ತಿದರೆ ನಡುವೆ ತಿರುಗುತ್ತಾ ಏರುವ ಒಂದು ಹಾಳೆ ಹುಟ್ಟುತ್ತದೆ. ಅಡ್ಡಲಾಗಿ ಅದು ಎಲ್ಲೆಡೆ ಮಟ್ಟವಾಗಿರುತ್ತದೆ, ಏಕೆಂದರೆ ಪ್ರತಿ ಕೋನದಲ್ಲೂ ಒಳಬಿಂದುವೂ ಹೊರಬಿಂದುವೂ ಒಂದೇ ಎತ್ತರದಲ್ಲಿವೆ. ಪ್ರಾಜೆಕ್ಟ್‌ನಲ್ಲಿ ಈ ಹಾಳೆಯ ಮೇಲೆ ರೂಫ್ ಬೈ ಫೇಸ್ ಬಳಸಿ ದಪ್ಪ ಕೊಟ್ಟರೆ ರ‍್ಯಾಂಪ್‌ನ ಚಪ್ಪಡಿ ಸಿದ್ಧವಾಗುತ್ತದೆ. ಹಾಳೆಯ ಎರಡು ಅಂಚುಗಳೂ ನಿಜವಾದ ಏರುರೇಖೆಗಳಾಗಿರುವುದರಿಂದ, ಮೊದಲು ಹೇಳಿದ ಪಿಕ್ 3ಡಿ ಎಡ್ಜಸ್ ಮೂಲಕ ಅವನ್ನೇ ಹಿಡಿದು ಅಂಚುಗಟ್ಟೆಗೂ ಪೈಪ್‌ಗೂ ಸ್ವೀಪ್ ಮಾಡಬಹುದು. ಇದೇ ಹಾಳೆಯ ಅಗಲವನ್ನು 50 ಮಿ.ಮೀ.ಗೆ ಇಳಿಸಿದರೆ ಚಪ್ಪಟೆ ಪಟ್ಟಿಯ ಹ್ಯಾಂಡ್‌ರೇಲ್‌ಗೂ ತಿರುಚಿಲ್ಲದ ಆಧಾರ ಸಿಕ್ಕಂತಾಗುತ್ತದೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು: ಒಳ ಅಂಚಿನ ಇಳಿಜಾರು 27 ಡಿಗ್ರಿ ಇದ್ದರೆ, ಅದೇ ಏರಿಕೆಗೆ ಹೊರ ಅಂಚಿನದು ಸುಮಾರು 15.8 ಡಿಗ್ರಿ ಮಾತ್ರ. ಹಾಗಾಗಿ ರ‍್ಯಾಂಪ್‌ನ ಇಳಿಜಾರನ್ನು ಹೊರ ಅಂಚಿನಲ್ಲಿ ಅಳೆದು ನಿಯಮ ಪಾಲನೆಯಾಗಿದೆಯೆಂದು ತೃಪ್ತಿಪಡುವುದು ಸರಿಯಲ್ಲ.

ಸ್ವೀಪ್ ಒಪ್ಪದಿದ್ದಾಗ ಏನು ನೋಡಬೇಕು

ಹಾದಿಯ ಅತಿ ಬಿಗಿಯಾದ ತಿರುವಿನ ತ್ರಿಜ್ಯ ಪ್ರೊಫೈಲ್‌ನ ಒಳಬದಿಯ ಚಾಚಿಗಿಂತ ಕಡಿಮೆಯಿದ್ದರೆ ಘನ ತನ್ನನ್ನೇ ತಾನು ಕತ್ತರಿಸಿಕೊಳ್ಳುತ್ತದೆ, ಆಗ ರೆವಿಟ್ ನಿರಾಕರಿಸುತ್ತದೆ. ಪ್ರೊಫೈಲ್ ಅನ್ನು ಒಂದು ಸಣ್ಣ ವೃತ್ತಕ್ಕೆ ಬದಲಿಸಿ ನೋಡುವುದು ಅತ್ಯಂತ ಸರಳ ಪರೀಕ್ಷೆ: ಅದು ನಡೆದರೆ ಹಾದಿ ಸರಿಯಿದೆ, ಪ್ರೊಫೈಲ್ ದೊಡ್ಡದಾಗಿದೆ ಎಂದರ್ಥ. ಸಣ್ಣ ವೃತ್ತವೂ ಸಾಗದಿದ್ದರೆ ದೋಷ ಹಾದಿಯದು. ತುಂಡುಗಳು ತುದಿಗೆ ತುದಿ ಕೂಡಿಲ್ಲದಿರಬಹುದು ಅಥವಾ ಕತ್ತರಿಕೆಯಲ್ಲಿ ಉಳಿದ ಅತಿ ಚಿಕ್ಕ ತುಂಡೊಂದು ಸೇರಿಕೊಂಡಿರಬಹುದು, ಸುಮಾರು 0.8 ಮಿ.ಮೀ.ಗಿಂತ ಚಿಕ್ಕ ರೇಖೆಯನ್ನು ರೆವಿಟ್ ರೇಖೆಯೆಂದೇ ಒಪ್ಪುವುದಿಲ್ಲ. ಒಂದು ತುದಿಯಲ್ಲಿ ದಪ್ಪ, ಇನ್ನೊಂದರಲ್ಲಿ ತೆಳು ಇರುವ ಆಕೃತಿಗೆ ಸ್ವೆಪ್ಟ್ ಬ್ಲೆಂಡ್ ಬಳಸುವವರು ಅದರ ಹಾದಿ ಒಂದೇ ತುಂಡಾಗಿರಬೇಕೆಂಬ ಮಿತಿಯನ್ನು ನೆನಪಿಡಬೇಕು.

ಆಕಾರ ಬಹಳ ಜಟಿಲವಾದಾಗ ರೈನೊದಲ್ಲಿ ಕರ್ವ್ ಫ್ರಮ್ ಟೂ ವ್ಯೂಸ್ ಎಂಬ ಆಜ್ಞೆಗೆ ಪ್ಲಾನ್‌ನ ಒಂದು ರೇಖೆಯನ್ನೂ ಎಲಿವೇಶನ್‌ನ ಒಂದು ರೇಖೆಯನ್ನೂ ಕೊಟ್ಟು ಮೂರು ಆಯಾಮದ ರೇಖೆ ಪಡೆದು, ಅಲ್ಲಿಯೇ ಸ್ವೀಪ್ ಮಾಡಿ ಸ್ಯಾಟ್ ಫೈಲ್ (ಘನಗಳ ಆಕಾರವನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವ ಫೈಲ್) ಮೂಲಕ ರೆವಿಟ್ ಫ್ಯಾಮಿಲಿಗೆ ತರುವ ರೂಢಿಯೂ ಇದೆ. ಹೀಗೆ ಬಂದ ಘನವನ್ನು ರೆವಿಟ್‌ನಲ್ಲಿ ತಿದ್ದಲಾಗುವುದಿಲ್ಲ. ವಿನ್ಯಾಸ ಅಂತಿಮವಾಗುವ ಮೊದಲು ಈ ದಾರಿ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಪ್ರತಿ ಬದಲಾವಣೆಗೂ ಎರಡೂ ತಂತ್ರಾಂಶಗಳಲ್ಲಿ ಕೆಲಸ ಮಾಡಬೇಕಾಗುತ್ತದೆ ಮತ್ತು ಯಾವುದು ಇತ್ತೀಚಿನದು ಎಂಬ ಗೊಂದಲ ಬೇಗ ಹುಟ್ಟುತ್ತದೆ.

ಫ್ಯಾಬ್ರಿಕೇಟರ್‌ಗೆ ಕೊಡಬೇಕಾದ ಅಂಕಿಗಳು

ಮಾದರಿ ಸಿದ್ಧವಾದ ಮೇಲೆ ಮೊದಲು ಬರೆದಿಟ್ಟುಕೊಂಡ ಒಂದೆರಡು ಬಿಂದುಗಳಲ್ಲಿ ಸ್ಪಾಟ್ ಎಲಿವೇಶನ್ ಹಾಕಿ ಎತ್ತರಗಳನ್ನು ತಾಳೆ ನೋಡಿ. ಉದ್ದವನ್ನೂ ತಾಳೆ ನೋಡಬೇಕು: ಪ್ಲಾನ್‌ನ 7069 ಮತ್ತು ಏರಿಕೆಯ 3600 ಇವೆರಡರ ವರ್ಗಗಳ ಮೊತ್ತದ ವರ್ಗಮೂಲ ಸುಮಾರು 7932 ಮಿ.ಮೀ. ರೇಲ್‌ನ ಮಧ್ಯರೇಖೆಯ ಉದ್ದ ಇದರಿಂದ ಹೆಚ್ಚು ದೂರವಿದ್ದರೆ ಸ್ಪ್ಲೈನ್ ಎಲ್ಲೋ ದಾರಿ ತಪ್ಪಿದೆ. ಪೈಪ್ ಕೊಳ್ಳುವಾಗಲೂ ಪ್ಲಾನ್‌ನ ಉದ್ದ ನೋಡಿ ಕೊಂಡರೆ ಸುಮಾರು 860 ಮಿ.ಮೀ. ಕಡಿಮೆ ಬೀಳುತ್ತದೆ.

ಪೈಪ್ ಬಗ್ಗಿಸುವ ತ್ರಿಜ್ಯದ ವಿಷಯದಲ್ಲಿ ಅನೇಕ ಡ್ರಾಯಿಂಗ್‌ಗಳು ಎಡವುತ್ತವೆ. ಪ್ಲಾನ್‌ನಲ್ಲಿ ತ್ರಿಜ್ಯ 1500 ಇದೆಯೆಂದು ಅದನ್ನೇ ಬರೆದುಕೊಟ್ಟರೆ ಪೈಪ್ ಹೆಚ್ಚು ಬಾಗಿಬಿಡುತ್ತದೆ. ಏರುವ ಹಾದಿಯ ನಿಜವಾದ ಬಾಗುವಿಕೆ ಪ್ಲಾನ್‌ನದಕ್ಕಿಂತ ಸಡಿಲ. ಒಟ್ಟು ಏರಿಕೆಯನ್ನು ರೇಡಿಯನ್‌ನಲ್ಲಿ ಅಳೆದ ಸುತ್ತಿನಿಂದ ಭಾಗಿಸಿದರೆ 764 ಬರುತ್ತದೆ. ಅದರ ವರ್ಗವನ್ನು 1500ರಿಂದ ಭಾಗಿಸಿ 1500ಕ್ಕೆ ಕೂಡಿಸಿದರೆ ಸುಮಾರು 1889 ಮಿ.ಮೀ. ರೋಲರ್ ಯಂತ್ರಕ್ಕೆ ಬೇಕಾದ ಅಂಕಿ ಇದು. ಇದರ ಜೊತೆಗೆ ಪಿಚ್ 4800, ಸುತ್ತಿನ ದಿಕ್ಕು, ಮೇಲೇರುವಾಗ ಎಡಕ್ಕೋ ಬಲಕ್ಕೋ ಎಂಬುದು, ಮತ್ತು 19 ಬಿಂದುಗಳ ಅಡ್ಡ, ಉದ್ದ, ಎತ್ತರಗಳ ಕೋಷ್ಟಕ ಇವಿಷ್ಟನ್ನು ಹಾಳೆಯ ಮೇಲೆ ಕೊಡಬೇಕು. ಐಎಫ್‌ಸಿ ಫೈಲ್ (ಬೇರೆ ಬೇರೆ ತಂತ್ರಾಂಶಗಳು ಓದಬಲ್ಲ ಕಟ್ಟಡ ಮಾದರಿಯ ಫೈಲ್) ಕಳುಹಿಸುವುದಾದರೆ ಅದನ್ನು ಬೇರೆ ವೀಕ್ಷಕ ತಂತ್ರಾಂಶದಲ್ಲಿ ಒಮ್ಮೆ ತೆರೆದು ನೋಡಿ. ರಫ್ತಿನ ವೇಳೆ ನಯವಾದ ವಕ್ರ ಹಲವು ಚಪ್ಪಟೆ ಮುಖಗಳಾಗಿ ಒಡೆದಿದ್ದರೆ, ಆ ಫೈಲಿನಿಂದ ತ್ರಿಜ್ಯ ಅಳೆಯಬಾರದೆಂದೂ ಕೋಷ್ಟಕದ ಅಂಕಿಗಳನ್ನೇ ಅನುಸರಿಸಬೇಕೆಂದೂ ಅದೇ ಹಾಳೆಯಲ್ಲಿ ಸ್ಪಷ್ಟವಾಗಿ ಬರೆದಿಡಿ.